ಎಂಟೂವರೆ ಮಿಲಿಮೀಟರ್ ಹಲ್ಲಿನ ಗುರುತು

ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದ ಅವರನ್ನು ಪೇಟೆಯ ಅಂಗಡಿಯವರೆಲ್ಲ ಬೆನ್ನ ಹಿಂದೆ ‘ಗ್ರಾಂ ಸಾಹೇಬರು’ ಎನ್ನುತ್ತಿದ್ದರು. ಎದುರಿಗೆ ಬಂದರೆ ಬರೀ ‘ಸಾಹೇಬರು’. ಗ್ರಾಂ ಅನ್ನುವುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದರು. ಒಂದು ಕಿಲೋ ಎಂದು ಬರೆದ ಚೀಲದಲ್ಲಿ ಒಂಬೈನೂರ ತೊಂಬತ್ತೆಂಟು ಗ್ರಾಂ ಇದ್ದರೆ, ಆ ಎರಡು ಗ್ರಾಂ ಎಲ್ಲಿಗೆ ಹೋಯಿತು, ಯಾವಾಗ ಹೋಯಿತು, ಹೋಗುವಾಗ ಯಾರ್‍ಯಾರು ನೋಡಿದರು ಎಂದು ಅವರು ವಿಚಾರಿಸುವ ರೀತಿಗೆ ಗಟ್ಟಿ ಗುಂಡಿಗೆಯ ವ್ಯಾಪಾರಿಗಳೂ ಬೆವರುತ್ತಿದ್ದರು. ಚೀಟಿಯಲ್ಲಿ ಬರೆದದ್ದು ಒಂದು, ಒಳಗಿರುವುದು ಇನ್ನೊಂದು ಅನ್ನುವುದು ಅವರ ಲೆಕ್ಕದಲ್ಲಿ ಕೊಲೆಗಿಂತ ಒಂದೇ ಒಂದು ಮೆಟ್ಟಿಲು ಕೆಳಗಿನ ಅಪರಾಧ.

ಇಂಥವರು ತಾವೇ ಒಂದು ವಸ್ತು ಮಾರಲು ಹೊರಟದ್ದು ಹೆಂಡತಿಯ ಬಟ್ಟೆ ಕಪಾಟಿನ ದೆಸೆಯಿಂದ.

ಆಕೆ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದರು. ಕತ್ತರಿಸಿದ ಬಟ್ಟೆ ಇಡಲು ಜಾಗ ಸಾಲದೆ, ಕುರ್ಚಿಯ ಮೇಲೆ ಒಬ್ಬರ ತೋಳು, ಫ್ರಿಜ್ಜಿನ ಮೇಲೆ ಇನ್ನೊಬ್ಬರ ಕಾಲರು ಬಿದ್ದಿರುತ್ತಿತ್ತು. ಕಪಾಟಿನ ಕೆಳಗಿನ ಅರೆಯಲ್ಲೋ, ಸಾಹೇಬರ ಒಂದು ಹಳೆಯ ತಗಡಿನ ಡಬ್ಬ ಇಪ್ಪತ್ತು ವರ್ಷದಿಂದ ಬಾಡಿಗೆಯಿಲ್ಲದೆ ಕೂತಿತ್ತು. ಅದರೊಳಗೆ ಅವರ ಬಾಲ್ಯದ ಹಕ್ಕಿ ಕಾರ್ಡುಗಳು. ಆಗ ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದೊಂದು ಇಟ್ಟು ಕೊಡುತ್ತಿದ್ದರು. ಒಟ್ಟು ಅರವತ್ತು ಹಕ್ಕಿ. ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಡಬ್ಬವನ್ನು ಎತ್ತಿ ಬಾಗಿಲ ಬಳಿ ಇಟ್ಟು, ಇದು ಹೋಗುತ್ತೋ ನನ್ನ ಮಿಷನ್ನು ಹೋಗುತ್ತೋ ಇವತ್ತೇ ತೀರ್ಮಾನವಾಗಲಿ ಎಂದರು.

ಅಲ್ಲೇ ಟೀ ಕುಡಿಯುತ್ತ ಕೂತಿದ್ದವನು ಆಕೆಯ ತಮ್ಮ. ಮೊಬೈಲ್ ರಿಪೇರಿ ಅಂಗಡಿಯವನು. ಇಂಟರ್ನೆಟ್ಟಿನಲ್ಲಿ ಕಸಕ್ಕೂ ಗಿರಾಕಿ ಇದ್ದಾರೆ ಎಂದು ಅವನ ನಂಬಿಕೆ. ಡಬ್ಬ ಕೆದಕಿ ನಲವತ್ತೊಂದನೇ ನಂಬರಿನ ಕಾರ್ಡು ತೆಗೆದವನೇ ಫೋನಿನಲ್ಲಿ ಏನೋ ನೋಡಿ ನೆಟ್ಟಗೆ ಕೂತ. ಆ ಕಾರ್ಡಿನಲ್ಲಿದ್ದ ಚಿತ್ರ ಮಿಂಚುಳ್ಳಿಯದು. ಕೆಳಗೆ ಅಚ್ಚಾಗಿದ್ದ ಹೆಸರು ಮಾತ್ರ ಮರಕುಟಿಗ. ಕಾರ್ಖಾನೆಯವರು ಒಂದು ವಾರದಲ್ಲೇ ತಪ್ಪು ತಿದ್ದಿದ್ದರಿಂದ ಇಂಥ ಕಾರ್ಡು ಎಲ್ಲೋ ಒಂದೊಂದು ಉಳಿದಿವೆಯಂತೆ. ಹಿಂದಿನ ತಿಂಗಳು ಒಂದು ಹರಾಜಿನಲ್ಲಿ ಒಂಬತ್ತು ಸಾವಿರಕ್ಕೆ ಹೋಗಿತ್ತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹೆಂಡತಿಯ ಕಡೆ ನೋಡಿದರು. ಇಪ್ಪತ್ತು ವರ್ಷದಿಂದ ಇದನ್ನು ತಾನು ಬೇಕೆಂದೇ ಕಾಪಾಡಿಕೊಂಡು ಬಂದದ್ದು ಎಂದರು. ಅದು ನಿಜವಲ್ಲ, ಅವರು ಅದನ್ನು ಮರೆತೇಬಿಟ್ಟಿದ್ದರು. ಮರುದಿನ ಆಫೀಸಿನಲ್ಲೂ ಮಧ್ಯಾಹ್ನದ ಊಟದ ಹೊತ್ತಿಗೆ, ತಮ್ಮಲ್ಲೊಂದು ಅಪರೂಪದ ಸಂಗ್ರಹವಿದೆ ಎಂದು ಯಾರೂ ಕೇಳದಿದ್ದರೂ ತಿಳಿಸಿದ್ದಾಯಿತು.

ಆದರೆ ಭಾನುವಾರವೇ ನಡೆದದ್ದೊಂದು ಬಾಕಿಯಿದೆ. ಹರಾಜಿನ ತಾಣದಲ್ಲಿ ಕಾರ್ಡಿನ ಫೋಟೋ ಹಾಕಿ, ಕೆಳಗೆ ಭಾವಮೈದುನ ‘ಹಳೆಯ ಕಾರ್ಡು, ಒಳ್ಳೆಯ ಸ್ಥಿತಿ’ ಎಂದು ಬರೆಯಹೊರಟ. ಸಾಹೇಬರು ಅವನ ಕೈ ಹಿಡಿದರು. ಒಳ್ಳೆಯ ಸ್ಥಿತಿ ಎಂದರೇನು? ಎಷ್ಟು ಒಳ್ಳೆಯದು? ಅಳತೆ ಎಲ್ಲಿ? ಹೀಗೆ ಬರೆಯುವವರಿಗೇ ಅಲ್ಲವೇ ತಾನು ದಿನಾ ದಂಡ ಹಾಕುವುದು? ಅವರು ಸ್ಕೇಲು, ಭೂತಗನ್ನಡಿ ತಂದು ಮೇಜಿನ ಮುಂದೆ ಕೂತರು. ಒಂದೂಮುಕ್ಕಾಲು ಗಂಟೆ ಎದ್ದೇಳಲಿಲ್ಲ. ಕೊನೆಗೆ ತಯಾರಾದ ವರ್ಣನೆ ನಲವತ್ತು ಸಾಲು. ಅದರಲ್ಲಿ ಮುಂದಿನ ಅನಾಹುತಕ್ಕೆ ಕಾರಣವಾದದ್ದು ಎರಡು:

‘ಕೆಳಗಿನ ಎಡಮೂಲೆಯಲ್ಲಿ ಹನ್ನೊಂದು ಮಿಲಿಮೀಟರ್ ಮಡಿಕೆ. ಮಾರುವವರ ಅಣ್ಣ ಅನುಮತಿಯಿಲ್ಲದೆ ಚಡ್ಡಿ ಜೇಬಿನಲ್ಲಿ ಇಟ್ಟುಕೊಂಡಿದ್ದರಿಂದ ಆದದ್ದು. ಮೇಲಿನ ಬಲಮೂಲೆಯಲ್ಲಿ ಎಂಟೂವರೆ ಮಿಲಿಮೀಟರ್ ಅಗಲದ ಹಲ್ಲಿನ ಗುರುತು. ಮಾರುವವರ ತಂಗಿ ನಾಲ್ಕು ವರ್ಷದವಳಿದ್ದಾಗ ಕಚ್ಚಿದ್ದು. ಉದ್ದೇಶಪೂರ್ವಕ.’

ಹರಾಜು ಏಳು ದಿನ, ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮುಕ್ತಾಯ. ಹರಾಜು ಕೂಗುವುದು ಎನ್ನುತ್ತೇವಾದರೂ ಅಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ. ಎಲ್ಲೋ ಕೂತು ಬೆರಳು ಒತ್ತುತ್ತಾರೆ. ಮೊದಲ ಎರಡು ದಿನ ಆ ಬೆರಳೂ ಒತ್ತಲಿಲ್ಲ. ಸಾಹೇಬರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ತರಕಾರಿ ಅಂಗಡಿಯ ತಕ್ಕಡಿಯಲ್ಲಿ ತೂಕದ ಬೊಟ್ಟು ಇಟ್ಟು ಮುಳ್ಳು ನಿಲ್ಲುವ ಮುಂಚೆಯೇ ಫೋನು ತೆಗೆಯುವರು. ಮುಳ್ಳು ನಿಂತಿತೋ ಓಡಿತೋ ನೋಡದೆ ‘ಸರಿ’ ಎಂದು ಬರೆದು ಮುಂದಿನ ಅಂಗಡಿಗೆ ನಡೆಯುವರು. ಆ ಎರಡು ದಿನ ಪೇಟೆಯಲ್ಲಿ ಒಬ್ಬರಿಗೂ ದಂಡ ಬೀಳಲಿಲ್ಲ. ಕಾರ್ಡನ್ನು ಒಟ್ಟು ಹದಿನಾಲ್ಕು ಸಲ ನೋಡಲಾಗಿದೆ ಎಂದು ತಾಣ ತೋರಿಸಿತು. ಅವುಗಳಲ್ಲಿ ಹನ್ನೊಂದು ಸಲ ನೀವೇ ಎಂದು ಹೆಂಡತಿ ಎಣಿಸಿ ಹೇಳಿದರು.

ಮಂಗಳವಾರ ಸಂಜೆ ಮೊದಲನೇ ಪ್ರಶ್ನೆ ಬಂತು. ತಂಗಿ ಕಚ್ಚಿದ್ದು ಯಾಕೆ ಎಂದು ಯಾರೋ ಕೇಳಿದ್ದರು. ಕಾರ್ಡು ಕೊಡಲಿಲ್ಲವೆಂಬ ಸಿಟ್ಟಿಗೆ ಎಂದು ಸಾಹೇಬರು ಪ್ರಾಮಾಣಿಕವಾಗಿ ಉತ್ತರಿಸಿದರು. ಹಿಂದೆಯೇ ಇನ್ನೂರರ ಕೂಗು ಬಂತು. ಅದಾದ ಮೇಲೆ ಆ ವರ್ಣನೆಯನ್ನು ಯಾರೋ ಪುಣ್ಯಾತ್ಮರು ಕಾರ್ಡು ಸಂಗ್ರಹಕಾರರ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಕಾರ್ಡಿನ ಗಂಧಗಾಳಿ ಇಲ್ಲದವರ ಗುಂಪುಗಳಿಗೂ ಹಾರಿತು. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಶಾಲೆಯ ಶಿಕ್ಷಕರ ಕೋಣೆಯಲ್ಲಿ ಡ್ರಾಯಿಂಗ್ ಮೇಷ್ಟರು ಅದನ್ನು ಗಟ್ಟಿಯಾಗಿ ಓದಿ ನಗಿಸುತ್ತಿದ್ದಾಗ, ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಒಳಗೆ ಬಂದರು. ಅವರೂ ಕೇಳಿ ಅರ್ಧ ನಕ್ಕರು. ಮಿಕ್ಕರ್ಧ ನಗು, ಮಾರುವವರ ಹೆಸರು ನೋಡಿದೊಡನೆ ಬಾಯಲ್ಲೇ ಉಳಿಯಿತು.

ಅವರೇ ಸಾಹೇಬರ ತಂಗಿ.

ಫೋನು ಬಂದಾಗ ಸಾಹೇಬರು ಕಿರಾಣಿ ಅಂಗಡಿಯೊಂದರಲ್ಲಿ ಎಣ್ಣೆ ಅಳೆಯುತ್ತಿದ್ದರು. ತಂಗಿ ಕೂಗಾಡಲಿಲ್ಲ. ಐನೂರು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ದನಿಯಲ್ಲಿ, ತಾನು ಜನ್ಮದಲ್ಲಿ ಕಾಗದ ಕಚ್ಚಿದವಳಲ್ಲ, ಅದನ್ನು ಈ ಕ್ಷಣ ಅಳಿಸಬೇಕು ಎಂದರು. ಸಾಹೇಬರು ತಾನು ಬರೆದದ್ದರಲ್ಲಿ ಒಂದಕ್ಷರ ತಪ್ಪಿಲ್ಲ, ತನಗೆ ನಿನ್ನೆ ನಡೆದಂತೆ ನೆನಪಿದೆ ಎಂದರು. ಆ ಕಡೆ ಫೋನು ಇಟ್ಟ ಸದ್ದಾಯಿತು.

ಎಷ್ಟಾದರೂ ಒಡಹುಟ್ಟಿದವಳು. ಸಂಜೆ ಮನೆಗೆ ಬಂದು ‘ಉದ್ದೇಶಪೂರ್ವಕ’ ಅನ್ನುವುದನ್ನಾದರೂ ತೆಗೆಯೋಣವೆಂದು ಕೂತರು. ಆಗ ಗೊತ್ತಾಯಿತು: ಒಂದು ಸಲ ಕೂಗು ಬಿದ್ದ ಮೇಲೆ ವರ್ಣನೆ ತಿದ್ದುವಂತಿಲ್ಲ. ಹರಾಜು ನಿಲ್ಲಿಸುವಂತೆಯೂ ಇಲ್ಲ. ತಾಣದ ಸಹಾಯ ವಿಭಾಗಕ್ಕೆ ಎರಡು ಪುಟ ಪತ್ರ ಬರೆದರು. ಅರ್ಧ ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಪಾರ್ಸೆಲ್ ದಾರಿಯಲ್ಲಿದೆ, ದಯವಿಟ್ಟು ತಾಳ್ಮೆಯಿರಲಿ. ತಾನು ಯಾವ ಪಾರ್ಸೆಲ್ಲನ್ನೂ ತರಿಸಿಲ್ಲವೆಂದು ಮತ್ತೆ ಬರೆದರು. ಪಾರ್ಸೆಲ್ ತಲುಪದಿದ್ದುದಕ್ಕೆ ವಿಷಾದಿಸುತ್ತೇವೆ ಎಂದು ಬಂತು.

ಗುರುವಾರ ತಂಗಿ ತಾವೇ ಆ ತಾಣದಲ್ಲಿ ಖಾತೆ ತೆರೆದು, ಪ್ರಶ್ನೆಗಳ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಬರೆದರು: ‘ಹಲ್ಲಿನ ಗುರುತು ನನ್ನದಲ್ಲ. ಮಾರುವವರು ಚಿಕ್ಕಂದಿನಿಂದಲೂ ತಮ್ಮ ತಪ್ಪನ್ನು ಬೇರೆಯವರ ಮೇಲೆ ಹಾಕುವವರು.’ ಅದರ ಕೆಳಗೆ ಮಧ್ಯಾಹ್ನದೊಳಗೆ ಇನ್ನೊಂದು ಖಾತೆಯಿಂದ ಬರಹ ಬಿತ್ತು. ಅದು ದೊಡ್ಡಣ್ಣನದು; ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು, ಹಸಿರು ಬಾವುಟ ಬೀಸಿ ಬೀಸಿ ಮಾತು ಕಡಿಮೆ ಮಾಡಿಕೊಂಡವರು. ಅವರು ಎರಡೇ ವಾಕ್ಯ ಬರೆದಿದ್ದರು: ‘ಚಡ್ಡಿ ನನ್ನದು. ಕಾರ್ಡೂ ನನ್ನದೇ.’

ಸಾಹೇಬರು ಇಬ್ಬರಿಗೂ ಅಂಶವಾರು ಉತ್ತರ ಕೊಟ್ಟರು. ಅವರಿಬ್ಬರೂ ಸಾಹೇಬರಿಗೆ ಮರುತ್ತರ ಕೊಟ್ಟರು. ಬಿಸ್ಕತ್ತು ಯಾರ ದುಡ್ಡಿನದು, ಪೊಟ್ಟಣ ಒಡೆದವರು ಯಾರು, ಆವತ್ತು ಯಾರಿಗೆ ಏಟು ಬಿತ್ತು ಎಲ್ಲವೂ ಜನರ ಮುಂದೆ ಬಂತು. ಟಿಕೆಟ್ಟಿಲ್ಲದೆ ಇಂಥ ಆಟ ನೋಡಲು ಸಿಗುವಾಗ ಬಿಡುವವರಾರು? ತಂಗಿ ಒಂದು ಸಾಲು ಬರೆದರೆ ಬೆಲೆ ಐನೂರು ಏರುವುದು, ದೊಡ್ಡಣ್ಣ ಬರೆದರೆ ಏಳುನೂರು. ಭಾವಮೈದುನ ಅಂಗಡಿ ಮುಚ್ಚಿ ಬಂದು, ಇನ್ಯಾರಾದರೂ ನೆಂಟರು ಮುನಿಸಿಕೊಳ್ಳುವವರು ಇದ್ದರೆ ನೆನಪು ಮಾಡಿಕೊಳ್ಳಿ ಭಾವ ಎಂದು ಪೀಡಿಸತೊಡಗಿದ.

ಶುಕ್ರವಾರ ಮೇಲಧಿಕಾರಿಗಳು ಸಾಹೇಬರನ್ನು ಕೋಣೆಗೆ ಕರೆಸಿದರು. ಇಲಾಖೆಯ ನೌಕರರೊಬ್ಬರು ವ್ಯಾಪಾರಕ್ಕಿಳಿದಿದ್ದಾರೆಂದು ಹೆಸರಿಲ್ಲದ ಅರ್ಜಿ ಬಂದಿತ್ತು. ಇದಕ್ಕೆ ಲಿಖಿತ ವಿವರಣೆ ಬೇಕು ಎಂದು ಅವರು ಗಂಭೀರವಾಗಿ ಹೇಳಿದರು. ಸಾಹೇಬರು ಆಗಲಿ ಸಾರ್ ಎಂದು ತಿರುಗಿ ಬಾಗಿಲವರೆಗೆ ಹೋದಾಗ ಹಿಂದಿನಿಂದ ಕರೆದು, ಬಾಗಿಲು ಹಾಕಿ ಬನ್ನಿ ಎಂದರು.

“ನನಗೇನೋ ನಿಮ್ಮ ಅಣ್ಣನ ಮೇಲೇ ಅನುಮಾನ. ಜೇಬಿಗೆ ಹಾಕಿಕೊಂಡವನು ಕಚ್ಚದೆ ಬಿಡ್ತಾನೇನ್ರೀ?”

ಪೇಟೆಯಲ್ಲೂ ಎರಡು ಪಂಗಡಗಳಾಗಿದ್ದವು. ಅಕ್ಕಿ ಅಂಗಡಿಯವರು ತಂಗಿಯ ಕಡೆ, ಕಬ್ಬಿಣದ ಅಂಗಡಿಯವರು ಸಾಹೇಬರ ಕಡೆ. ಸಾಹೇಬರು ಬೊಟ್ಟಿನ ಪೆಟ್ಟಿಗೆ ಹಿಡಿದು ರಸ್ತೆಗಿಳಿದರೆ, ಎಷ್ಟಾಯಿತು ಸಾಹೇಬರೇ ಎಂಬ ವಿಚಾರಣೆ ಎರಡೂ ಬದಿಯಿಂದ. ಐದೂವರೆ ಸಾವಿರ ಎಂದು ಹೇಳುವಾಗ ಅವರಿಗೆ ಒಂದು ಕಡೆ ಹೆಮ್ಮೆ. ಇನ್ನೊಂದು ಕಡೆ, ಲೆಕ್ಕದಲ್ಲಿ ಒಂದೆರಡು ಗ್ರಾಂ ಎಲ್ಲೋ ಕಡಿಮೆ ಬಿದ್ದ ಹಾಗೆ. ಅದು ಏನೆಂದು ವಿಚಾರಿಸುವಷ್ಟು ಪುರುಸೊತ್ತಿರಲಿಲ್ಲ. ಫೋನು ಮತ್ತೆ ಗುರುಗುಟ್ಟುತ್ತಿತ್ತು.

ಶನಿವಾರ ಶಾಲೆ ಬಿಟ್ಟ ಮೇಲೆ ತಂಗಿ ನೇರವಾಗಿ ಮನೆಗೆ ಬಂದರು. ಅತ್ತಿಗೆ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಕೂರಿ ಎಂದರೂ ಕೂರಲಿಲ್ಲ. ಜಗಳಕ್ಕೆ ಬಂದಿದ್ದಾಳೆಂದು ಸಾಹೇಬರು ತಮ್ಮ ವಾದಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ತಂಗಿ ಚೀಲದ ಹಿಡಿಯನ್ನು ತಿರುಚುತ್ತ ನಿಂತಿದ್ದರು.

“ಇಪ್ಪತ್ತಾರು ವರ್ಷ ಆಯ್ತು ಕಣೋ ಅಣ್ಣ, ನಾನು ಆ ಶಾಲೆಗೆ ಸೇರಿ. ಒಂದು ಮಗೂನೂ ನನ್ನ ಎದುರು ತುಟಿ ಅಲ್ಲಾಡಿಸಿದ್ದಿಲ್ಲ. ಈಗ ನಾನು ತರಗತಿಗೆ ಹೋದ್ರೆ ಎಲ್ಲರೂ ಪುಸ್ತಕದ ಮೂಲೆ ಮುಚ್ಚಿಕೊಳ್ತಾರೆ.”

ಸಾಹೇಬರಿಗೆ ನಗು ಬರುವುದರಲ್ಲಿತ್ತು. ತಂಗಿಯ ಕಣ್ಣು ನೋಡಿ ಅದನ್ನು ನುಂಗಿಕೊಂಡರು. ಹಾಗೆಂದು ಏನಾದರೂ ಒಳ್ಳೆಯ ಮಾತು ಆಡಿದರೇ? ಅದೂ ಇಲ್ಲ. ನಡೆದದ್ದನ್ನು ನಡೆಯಲಿಲ್ಲ ಎನ್ನಲು ತನ್ನಿಂದಾಗದು, ತನ್ನ ಕೆಲಸವೇ ಅಂಥದ್ದು ಎಂದರು. ತಂಗಿ ಟೀ ಮುಟ್ಟದೆ ಹೊರಟುಹೋದರು.

ಆಮೇಲೆ ಹೆಂಡತಿ ಮಿಷನ್ನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತ ಅಂದರು: “ಗುರುತು ಎಷ್ಟು ಅಗಲ ಅಂತ ಅಳೆದ್ರಿ. ಯಾರದ್ದು ಅಂತ ಯಾವುದ್ರಲ್ಲಿ ಅಳೆದ್ರಿ?”

ಸಾಹೇಬರು ಕೇಳಿಸದವರಂತೆ ಫೋನು ನೋಡಿದರು. ಏಳು ಸಾವಿರದ ನೂರು.

ಭಾನುವಾರ ಹನ್ನೊಂದಕ್ಕೆ ಹರಾಜು ಮುಗಿಯಿತು. ಕೊನೆಯ ನಿಮಿಷದಲ್ಲಿ ಇಬ್ಬರು ಜಿದ್ದಿಗೆ ಬಿದ್ದು ಬೆಲೆ ಒಂಬತ್ತು ಸಾವಿರದ ಇನ್ನೂರಕ್ಕೆ ನಿಂತಿತು. ಭಾವಮೈದುನ ಕುಣಿದ. ಗೆದ್ದವರು ಅದೇ ಊರಿನ ಒಬ್ಬ ಹಲ್ಲಿನ ಡಾಕ್ಟರು. ಅಂಚೆಯ ಗೊಡವೆ ಬೇಡ, ನಾನೇ ಬಂದು ನೋಡಿ ದುಡ್ಡು ಕೊಟ್ಟು ಒಯ್ಯುತ್ತೇನೆ ಎಂದು ಬರೆದಿದ್ದರು.

ಸೋಮವಾರ ಸಂಜೆ ಅವರು ಬಂದರು. ತೆಳ್ಳಗೆ, ಶಾಂತ ಮನುಷ್ಯ. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಬಾಯಿಯನ್ನೇ ನೋಡುವರು. ಅವರಿಗೆ ಹಕ್ಕಿಯೂ ಬೇಕಿರಲಿಲ್ಲ, ತಪ್ಪು ಹೆಸರೂ ಬೇಕಿರಲಿಲ್ಲ. ಮಕ್ಕಳ ಹಾಲುಹಲ್ಲಿನ ಗುರುತಿರುವ ವಸ್ತುಗಳನ್ನು ಕೂಡಿಹಾಕುವುದು ಅವರ ಹವ್ಯಾಸ. ಕ್ಲಿನಿಕ್ಕಿನ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಗಳಲ್ಲಿ ಕಚ್ಚಿದ ಪೆನ್ಸಿಲು, ಕಚ್ಚಿದ ಚಮಚ, ಒಂದು ಕಚ್ಚಿದ ಚಪ್ಪಲಿಯೂ ಇದೆಯಂತೆ. ಯಾರು ಕಚ್ಚಿದ್ದು, ಯಾವ ವಯಸ್ಸಿನಲ್ಲಿ, ಯಾವ ಉದ್ದೇಶಕ್ಕೆ ಎಂದು ಇಷ್ಟು ಸ್ಪಷ್ಟವಾಗಿ ಬರೆದ ವಸ್ತು ತಮಗೆ ಇದುವರೆಗೆ ಸಿಕ್ಕಿರಲಿಲ್ಲ ಎಂದರು. ಸಾಹೇಬರು ಉಬ್ಬಿದರು.

ಡಾಕ್ಟರು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೇಬಿನಿಂದ ತಮ್ಮದೇ ಒಂದು ಸಣ್ಣ ಅಳತೆಪಟ್ಟಿ ತೆಗೆದು ಮೂಲೆಗೆ ಇಟ್ಟು ನೋಡಿದರು. ಮತ್ತೊಮ್ಮೆ ಇಟ್ಟು ನೋಡಿದರು.

“ಎಂಟೂವರೆ ನಿಜವಾಗಲೂ ಇದೆಯಲ್ಲ ಸಾರ್.”

ತಾನು ಬರೆದ ಮೇಲೆ ಇರಲೇಬೇಕಲ್ಲ ಎಂದರು ಸಾಹೇಬರು.

ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು. ನಾಲ್ಕು ವರ್ಷದ ಮಗುವಿನ ಮುಂದಿನ ಹಾಲುಹಲ್ಲು ಆರೂವರೆ ಇದ್ದರೆ ಹೆಚ್ಚು. ಎಂಟೂವರೆ ಎಂದು ಓದಿದಾಗ, ಜನಕ್ಕೆ ಅಳೆಯಲು ಬರುವುದಿಲ್ಲ, ಏನೋ ಗೀಚಿದ್ದಾರೆ ಎಂದುಕೊಂಡು ಬಂದಿದ್ದರಂತೆ. ಇದು ಹಾಲುಹಲ್ಲು ಬಿದ್ದು ಬಂದ ಗಟ್ಟಿ ಹಲ್ಲು. ಕಚ್ಚಿದವರಿಗೆ ಏಳೆಂಟು ವರ್ಷವಾದರೂ ಆಗಿರಬೇಕು. ಅಲ್ಲದೆ ಆ ಹಲ್ಲಿನ ಅಂಚು ಒಂದು ಕಡೆ ಓರೆಯಾಗಿ ಮುಕ್ಕಾಗಿದೆ, ನೋಡಿ ಎಂದು ಭೂತಗನ್ನಡಿ ಕೊಟ್ಟರು. ಸಾಹೇಬರು ಬಾಯಿ ತೆರೆದು ಬಗ್ಗಿ ನೋಡಿದರು. ಡಾಕ್ಟರು ಕಾರ್ಡನ್ನು ಬಿಟ್ಟು ಆ ತೆರೆದ ಬಾಯಿಯನ್ನೇ ನೋಡಿದರು.

“ಸಾರ್, ಸ್ವಲ್ಪ ಹಾಗೇ ಇರಿ.”

ಡಾಕ್ಟರ ಚೀಲದಲ್ಲಿ ಗುಲಾಬಿ ಬಣ್ಣದ ಮೇಣದ ಹಾಳೆ ಇತ್ತು. ಕಚ್ಚಿ ಎಂದರು. ಕಚ್ಚದಿದ್ದರೆ ಮರ್ಯಾದೆಯಲ್ಲವೆಂದು ಸಾಹೇಬರು ಕಚ್ಚಿದರು. ಮೇಣದ ಗುರುತನ್ನೂ ಕಾರ್ಡಿನ ಗುರುತನ್ನೂ ಪಕ್ಕದಲ್ಲಿಟ್ಟಾಗ ಹೆಂಡತಿ ಮಿಷನ್ನು ನಿಲ್ಲಿಸಿ ಎದ್ದು ಬಂದರು, ಭಾವಮೈದುನ ಉಗುರು ಕಚ್ಚುವುದನ್ನು ಥಟ್ಟನೆ ನಿಲ್ಲಿಸಿ ಕೈ ಹಿಂದಕ್ಕೆ ಕಟ್ಟಿಕೊಂಡ. ಅಗಲ ಒಂದೇ, ಓರೆ ಒಂದೇ, ಮುಕ್ಕು ಒಂದೇ. ಎಂಟನೇ ವಯಸ್ಸಿನಲ್ಲಿ ಕೈಪಂಪಿನ ಹಿಡಿ ಬಡಿದು ಆದ ಮುಕ್ಕು ಅದು.

ಮೇಣದ ರುಚಿ ಬಾಯಲ್ಲಿರುವಾಗಲೇ ಸಾಹೇಬರಿಗೆ ಎಲ್ಲ ನೆನಪಾಯಿತು. ದೊಡ್ಡಣ್ಣ ಅಟ್ಟಿಸಿಕೊಂಡು ಬರುತ್ತಿದ್ದ. ಎದುರಿಗೆ ಅಟ್ಟದ ಏಣಿ. ಹತ್ತಲು ಎರಡೂ ಕೈ ಬೇಕು. ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಹತ್ತಿದ್ದು ತಾವೇ. ಗುರುತು ಬಿದ್ದದ್ದು ಕಂಡು ಅಮ್ಮ ಕೇಳಿದಾಗ, ನಾಲ್ಕು ವರ್ಷದ ತಂಗಿ ಅಲ್ಲೇ ನಿಂತಿದ್ದಳು. ಅವಳಿಗೆ ಇನ್ನೂ ನೆಟ್ಟಗೆ ವಾದಿಸಲು ಬರುತ್ತಿರಲಿಲ್ಲ. ಒಂದು ವಾರ ಅವಳಿಗೆ ಬಿಸ್ಕತ್ತು ಬಂದ್ ಆಗಿತ್ತು. ಆ ಸುಳ್ಳನ್ನು ಹೇಳಿ ಹೇಳಿ ತಾವೇ ನಂಬಿ, ನಲವತ್ತಾರು ವರ್ಷದ ಮೇಲೆ ಸ್ಕೇಲು ಇಟ್ಟು ಅಳೆದು ಜಗತ್ತಿಗೆಲ್ಲ ಸಾರಿದ್ದರು.

ಡಾಕ್ಟರು ಎದ್ದು ನಿಂತು, ತಪ್ಪು ತಿಳಿಯಬೇಡಿ, ಗಟ್ಟಿ ಹಲ್ಲಿನವು ನನ್ನ ಗೋಡೆಗೆ ಬೇಡ ಎಂದರು. ಹೋಗುವಾಗ ಆ ಮುಕ್ಕನ್ನು ತುಂಬಿಸಿಕೊಳ್ಳುವುದಾದರೆ ಬನ್ನಿ ಎಂದು ಚೀಟಿ ಕೊಟ್ಟು, ಮೇಣದ ಹಾಳೆಯನ್ನು ಅಲ್ಲೇ ಬಿಟ್ಟರು. ಮರುದಿನ ಬೆಳಿಗ್ಗೆ ಹರಾಜು ತಾಣದಲ್ಲಿ ವ್ಯವಹಾರ ರದ್ದಾಗಿತ್ತು. ಸಾಹೇಬರ ಹೆಸರಿನ ಪಕ್ಕದಲ್ಲಿ ಒಂದು ಕೆಂಪು ಗುರುತು ಬಂದಿತ್ತು. ಅದನ್ನು ಒತ್ತಿದರೆ ಒಂದೇ ಸಾಲು: ‘ಈ ಮಾರಾಟಗಾರರ ವಸ್ತು ವರ್ಣನೆಗೆ ಹೊಂದುವುದಿಲ್ಲ.’

ಸಾಹೇಬರು ಆ ಸಾಲನ್ನು ಎರಡು ಸಲ ಓದಿದರು. ಇದೇ ಮಾತನ್ನು ತಮ್ಮ ಕೈಯಾರೆ ಎಷ್ಟು ಅಂಗಡಿಗಳ ಚೀಟಿಯಲ್ಲಿ ಬರೆದಿದ್ದರು. ಆಮೇಲೆ ಎದ್ದು, ಆಫೀಸಿಗೆ ಅರ್ಧ ದಿನ ರಜೆ ಹೇಳಿ, ಇಸ್ತ್ರಿ ಮಾಡಿದ ಶರಟು ತೊಟ್ಟು ತಂಗಿಯ ಶಾಲೆಗೆ ನಡೆದರು.

ಮುಖ್ಯೋಪಾಧ್ಯಾಯಿನಿಯ ಕೋಣೆಯ ಹೊರಗೆ, ತಂಟೆ ಮಾಡಿದ ಮಕ್ಕಳನ್ನು ಕೂರಿಸುವ ಬೆಂಚಿನಲ್ಲಿ ಅವರನ್ನು ಇಪ್ಪತ್ತು ನಿಮಿಷ ಕೂರಿಸಲಾಯಿತು. ಒಳಗೆ ಹೋಗಿ ಮೇಣದ ಹಾಳೆಯನ್ನು ಮೇಜಿನ ಮೇಲಿಟ್ಟು, ತಪ್ಪಾಯ್ತು ಕಣೇ ಎಂದರು. ತಂಗಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು:

“ನನಗೆ ಹೇಳಿದ್ದು ಸರಿ. ಪುಸ್ತಕದ ಮೂಲೆ ಮುಚ್ಚಿಕೊಳ್ತಾರಲ್ಲ, ಅವರಿಗೆ ಯಾರು ಹೇಳ್ತಾರೆ?”

ಹೀಗೆ ಗ್ರಾಂ ಸಾಹೇಬರು ಐನೂರು ಮಕ್ಕಳ ಎದುರು, ಅಂಗಳದ ಕಟ್ಟೆಯ ಮೇಲೆ, ಮೈಕಿನ ಮುಂದೆ ನಿಂತರು. ಅವರಿಗೆ ಬರುತ್ತಿದ್ದ ಭಾಷೆ ತಪಾಸಣಾ ವರದಿಯದು ಒಂದೇ. ಮೇಲಿನ ಬಲಮೂಲೆಯ ಗುರುತನ್ನು ಮರುಪರಿಶೀಲಿಸಲಾಗಿದೆ, ಸದರಿ ಗುರುತು ತನ್ನದೆಂದು ಸಾಬೀತಾಗಿದೆ, ನಿಮ್ಮ ಮುಖ್ಯೋಪಾಧ್ಯಾಯಿನಿಯವರು ನಿರಪರಾಧಿ ಎಂದು ಓದಿದರು. ಮಕ್ಕಳಿಗೆ ಸದರಿ ಅರ್ಥವಾಗಲಿಲ್ಲ, ನಿರಪರಾಧಿಯೂ ಪೂರ್ತಿ ಆಗಲಿಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಹಲ್ಲು ತೋರಿಸಿ ಅಂದಳು. ಸಾಹೇಬರು ತೋರಿಸಿದರು. ಅಂಗಳವೆಲ್ಲ ನಕ್ಕಿತು. ಪಕ್ಕದಲ್ಲಿ ನಿಂತಿದ್ದ ತಂಗಿ ಹುಬ್ಬು ಗಂಟಿಕ್ಕಿಕೊಂಡೇ, ಸೆರಗು ಬಾಯಿಗೆ ಅಡ್ಡ ಹಿಡಿದು, ಬುಧವಾರದ ಬಾಕಿ ಅರ್ಧ ನಗುವನ್ನು ನಕ್ಕುಬಿಟ್ಟರು.

ಅದೇ ಸಂಜೆ ಕಾರ್ಡು ಮತ್ತೆ ಹರಾಜಿಗೆ ಬಂತು. ಈ ಸಲ ವರ್ಣನೆ ಮೂರೇ ಸಾಲು: ಮಡಿಕೆ ಇದೆ, ಕಾರಣ ವಿವಾದದಲ್ಲಿದೆ. ಹಲ್ಲಿನ ಗುರುತು ಇದೆ, ಮಾರುವವರದೇ. ಉದ್ದೇಶಪೂರ್ವಕವಲ್ಲ. ಜಗಳವಿಲ್ಲ, ಅಣ್ಣನಿಲ್ಲ, ತಂಗಿಯಿಲ್ಲ. ಮೂರು ದಿನವಾದರೂ ಒಬ್ಬರೂ ಬೆರಳು ಒತ್ತಲಿಲ್ಲ. ಸಾಹೇಬರು ಮತ್ತೆ ಅಡುಗೆಮನೆಗೂ ಹೊರಕೋಣೆಗೂ ತಿರುಗಾಡತೊಡಗಿದರು. ಬಟ್ಟೆಯೆಲ್ಲ ಕಾಲಿಗೆ ಸಿಕ್ಕುತ್ತದೆ, ಒಂದು ಕಡೆ ಕೂರಿ ಎಂದು ಹೆಂಡತಿ ಗದರಿದರು.

ನಾಲ್ಕನೇ ದಿನ ಒಂದು ಪ್ರಶ್ನೆ ಬಂತು: ‘ಮಾರುವವರು ಈಗಲೂ ಕಚ್ಚುತ್ತಾರೆಯೇ?’

ಇದಕ್ಕೆ ಸಿಟ್ಟಾಗಬೇಕೋ ಉತ್ತರಿಸಬೇಕೋ ಸಾಹೇಬರಿಗೆ ತಿಳಿಯಲಿಲ್ಲ. ಉತ್ತರಿಸುವುದಾದರೆ ಕರಾರುವಾಕ್ಕಾಗಿರಬೇಕು, ಊಟದಲ್ಲಿ ಕಚ್ಚುವುದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯೋಚಿಸಿ, ಬರೆದು, ಅಳಿಸಿ, ಮತ್ತೆ ಬರೆಯುತ್ತಿರುವಷ್ಟರಲ್ಲಿ ಬೇರೊಂದು ಖಾತೆಯಿಂದ ಉತ್ತರ ಬಂದೇಬಿಟ್ಟಿತು:

‘ಇಲ್ಲ. ಕಾರ್ಡು ನಿಮ್ಮ ಕೈಸೇರುವವರೆಗೆ ನಾನು ಅವರ ಮೇಲೆ ಕಣ್ಣಿಟ್ಟಿರುತ್ತೇನೆ. — ಮಾರುವವರ ತಂಗಿ.’